ಹಾಸನದ ಮೇಲೆ ಹಳದಿ ದೀಪ

ಹಾಸನದ ಮೇಲೆ ಹಾರುವಾಗಲೆಲ್ಲ ನಮ್ಮ ಆಲೂಗಡ್ಡೆ ಹೊಲವನ್ನು ಹುಡುಕುವುದು ನನ್ನ ಚಾಳಿ. ಆ ದಿನ ಹೊಲ ಕಣ್ಣಿಗೆ ಬೀಳುವ ಮೊದಲೇ ಎದುರಿನ ಫಲಕದಲ್ಲಿ ‘ವೋಲ್ಟ್ಸ್’ ಎಂಬ ಹಳದಿ ದೀಪ ಹೊತ್ತಿತು. ಹತ್ತು ಸೆಕೆಂಡು ಮಿಣುಕಿ, ಆಮೇಲೆ ಆರದೆ ನಿಂತಿತು. ಸೆಸ್ನಾ 172 ವಿಮಾನ, 6,500 ಅಡಿ ಎತ್ತರ. ಮೈಸೂರಿನಿಂದ ಹಾಸನಕ್ಕೆ ಬಂದು ಮರಳುವ ತರಬೇತಿ ಹಾರಾಟ. ಎಡಗಡೆ ಕುಳಿತಿದ್ದವನು ಚಿಕ್ಕಮಗಳೂರಿನ ಹುಡುಗ.

“ಸರ್, ಎಂಜಿನ್ ನಿಂತುಹೋಗುತ್ತದೆಯೇ?”

“ಇಲ್ಲ. ನೀನು ಎತ್ತರ ನೋಡು.” ದೀಪವನ್ನೇ ದಿಟ್ಟಿಸುತ್ತಿದ್ದವನು ಆಗಲೇ ಇನ್ನೂರು ಅಡಿ ಇಳಿದಿದ್ದ.

ಡೈನಮೋ ಕೆಟ್ಟ ಟ್ರ್ಯಾಕ್ಟರಿನಲ್ಲೇ ಅಪ್ಪ ಹೊಲ ಉತ್ತು ಮುಗಿಸಿದ್ದನ್ನು ನಾನು ಕಂಡಿದ್ದೇನೆ. ಇಲ್ಲಿಯೂ ಹಾಗೆಯೇ. ಎಂಜಿನ್‌ಗೆ ಕಿಡಿ ಕೊಡುವುದು ಮ್ಯಾಗ್ನೆಟೊ. ಅದಕ್ಕೆ ಬ್ಯಾಟರಿಯ ಹಂಗಿಲ್ಲ. ವೋಲ್ಟೇಜ್ 24.5ಕ್ಕಿಂತ ಕೆಳಗಿಳಿದರೆ ಈ ದೀಪ ಹೊತ್ತುತ್ತದೆ. ಆದರೆ ದೀಪವೊಂದನ್ನೇ ನಂಬಬಾರದೆಂದು, ಬ್ಯಾಟರಿಗೆ ಕರೆಂಟ್ ಬರುತ್ತಿದೆಯೋ ಅದರಿಂದ ಹೋಗುತ್ತಿದೆಯೋ ತೋರಿಸುವ ಆಮ್‌ಮೀಟರ್ ನೋಡಿದೆ. ಮುಳ್ಳು ಸೊನ್ನೆಯಿಂದ ಎಡಕ್ಕೆ ವಾಲಿತ್ತು. ಎಂಜಿನ್ ತಿರುಗುವಾಗ ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರ್ ಕೈಕೊಟ್ಟಿದೆ, ಬ್ಯಾಟರಿ ಖಾಲಿಯಾಗುತ್ತಿದೆ ಎಂದರ್ಥ.

ಚೆಕ್‌ಲಿಸ್ಟ್ ತೆಗೆದು ಗಟ್ಟಿಯಾಗಿ ಓದಿಸಿದೆ. ರೇಡಿಯೊಗಳನ್ನು ಆರಿಸಿ, ಆಲ್ಟರ್ನೇಟರಿನ ಸರ್ಕ್ಯೂಟ್ ಬ್ರೇಕರ್ ಹೊರಗೆ ಬಂದಿಲ್ಲವೆಂದು ಖಚಿತಪಡಿಸಿಕೊಂಡು, ಮಾಸ್ಟರ್ ಸ್ವಿಚ್ ಆರಿಸಿದೆವು. ಆ ಕ್ಷಣವೇ ಇಂಧನದ ಮುಳ್ಳುಗಳೆರಡೂ ಸೊನ್ನೆಗೆ ಬಿದ್ದವು. ಹುಡುಗನ ಮುಖ ಬಿಳಿಚಿತು. ಆ ಮುಳ್ಳುಗಳು ವಿದ್ಯುತ್ತಿನಿಂದ ಆಡುತ್ತವೆ ಎಂದು ನಾನು ಮೊದಲೇ ಹೇಳಬೇಕಿತ್ತು. ಮಾಸ್ಟರ್ ಮತ್ತೆ ಹಾಕಿದಾಗ ದೀಪ ಆರಿತು. ಒಂದು ನಿಮಿಷ ಕಳೆದು ಮತ್ತೆ ಹೊತ್ತಿತು. ಇನ್ನೊಮ್ಮೆ ಪ್ರಯತ್ನಿಸೋಣ ಎಂದು ಕೈ ತುರಿಸಿದ್ದು ನಿಜ. ಮಾಡಲಿಲ್ಲ. ಎಲ್ಲಿ ಕೆಟ್ಟಿದೆಯೋ ತಿಳಿಯದ ತಂತಿಗೆ ಮತ್ತೆ ಮತ್ತೆ ಕರೆಂಟ್ ಕೊಟ್ಟರೆ ಬರುವುದು ಹೊಗೆ.

ಆಲ್ಟರ್ನೇಟರ್ ಸ್ವಿಚ್ ಆರಿಸಿದೆ. ಹಾಸನದ ಪಕ್ಕದ ಬೂವನಹಳ್ಳಿಯ ವಿಮಾನ ನಿಲ್ದಾಣದ ಕಾಮಗಾರಿ ಮುಗಿದಿರಲಿಲ್ಲ, ಇಳಿಯಬೇಕಾದರೆ ಮೈಸೂರೇ. ನೂರು ಕಿಲೋಮೀಟರಿಗಿಂತ ತುಸು ಹೆಚ್ಚು ದೂರ, ಮೂವತ್ತೈದು ನಿಮಿಷದ ದಾರಿ. ಬ್ಯಾಟರಿ ಅರ್ಧ ಗಂಟೆ ಬಾಳುತ್ತದೆ ಎಂಬುದು ನಮ್ಮ ವೃತ್ತಿಯ ಅಂದಾಜು. ಆದರೆ ದೀಪ ಹೊತ್ತುವುದು ಆಲ್ಟರ್ನೇಟರ್ ಸತ್ತ ಸ್ವಲ್ಪ ಹೊತ್ತಿನ ಮೇಲೆ. ಎಷ್ಟು ಹೊತ್ತು? ನಾನು ಆಮ್‌ಮೀಟರ್ ಕಡೆ ಕಣ್ಣು ಹಾಯಿಸಿ ಕಾಲು ಗಂಟೆಯಾಗಿತ್ತು. ಹೊಲ ಹುಡುಕುತ್ತಿದ್ದೆನಲ್ಲ!

ಮೈಸೂರಿನ ನಿಯಂತ್ರಣ ಗೋಪುರಕ್ಕೆ ವಿಷಯ ತಿಳಿಸಿ, ಹತ್ತು ನಿಮಿಷಕ್ಕೊಮ್ಮೆ ಮಾತ್ರ ಮಾತನಾಡುತ್ತೇವೆ ಎಂದೆವು. ಆಮೇಲೆ ಎರಡನೆಯ ರೇಡಿಯೊ, ಜಿಪಿಎಸ್, ಹೊರಗಿನ ದೀಪಗಳು ಎಲ್ಲವೂ ಬಂದ್. “ಜಿಪಿಎಸ್ ಇಲ್ಲದೆ ದಾರಿ?” ಎಂದ ಹುಡುಗ. ಕೆಳಗೆ ಬೆರಳು ತೋರಿಸಿದೆ. ಗೊರೂರಿನ ಹಿನ್ನೀರು, ಅಲ್ಲಿಂದ ಹೊಳೆನರಸೀಪುರದತ್ತ ಹೇಮಾವತಿ. ಅದರ ಜಾಡು ಹಿಡಿದು ಹೋದರೆ ಕನ್ನಂಬಾಡಿಯ ನೀರು, ಅದರಾಚೆಗೆ ಚಾಮುಂಡಿ ಬೆಟ್ಟ. ಹೊಳೆಗೆ ಬ್ಯಾಟರಿ ಬೇಕಿಲ್ಲ.

ನಿಧಾನವಾಗಿ ಇಳಿಯಲೆಂದು ರೆಕ್ಕೆಯ ಹಿಂದೆ ಇರುವ ಮಡಚುಪಟ್ಟಿ, ಫ್ಲಾಪ್, ಅದನ್ನು ಬಳಸದೆಯೇ ನೆಲ ಮುಟ್ಟಿದೆವು. ಅದರ ಮೋಟಾರಿಗೂ ವಿದ್ಯುತ್ ಬೇಕು. ಪೂರ್ತಿ ಇಳಿಸಿದ ಮೇಲೆ ಬ್ಯಾಟರಿ ಸತ್ತರೆ, ಇಳಿಯಲಾಗದೆ ಮತ್ತೆ ಮೇಲೇರಬೇಕಾದಾಗ ಮಡಚಲಾಗುವುದಿಲ್ಲ. ವೇಗ ತುಸು ಹೆಚ್ಚಿತ್ತು, ರನ್‌ವೇ ಸಾಕಷ್ಟು ಉದ್ದವಿತ್ತು. ಮೆಕ್ಯಾನಿಕ್ ಬಿಚ್ಚಿ ನೋಡಿದಾಗ ಆಲ್ಟರ್ನೇಟರಿನ ತಂತಿಯೊಂದು ಬುಡದಲ್ಲೇ ತುಂಡಾಗಿತ್ತು.

ಸಂಜೆ ಅಮ್ಮನ ಫೋನು: “ಏನೋ, ವಿಮಾನದ ಸದ್ದು ಕೇಳಿ ಹೊಲಕ್ಕೆ ಓಡಿ ಬಂದರೆ ನೀನು ಅರ್ಧಕ್ಕೇ ತಿರುಗಿಕೊಂಡು ಹೋದೆಯಲ್ಲ?”