ಮೆಷಿನ್ ಒಳಗೆ ಹೋಗುವ ಮೊದಲು: ಕೋಲಾರದ ಹಿರಿಯರ ಮೆದುಳಿನ ಸ್ಕ್ಯಾನ್, ನನ್ನ ಅನುಭವ

ಮರೆವಿನ ಕಾಯಿಲೆಯ ಬಗ್ಗೆ ನಡೆಯುವ ಒಂದು ಸಂಶೋಧನೆಯಲ್ಲಿ ನಾನು ಕೆಲಸ ಮಾಡುತ್ತೇನೆ. ಮುಳಬಾಗಿಲು, ಬಂಗಾರಪೇಟೆ, ಮಾಲೂರು ಕಡೆಯ ಹಳ್ಳಿಗಳಿಂದ ಅರವತ್ತು ದಾಟಿದವರನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂ.ಆರ್.ಐ. ಮಾಡಿಸುತ್ತೇವೆ. ಆಮೇಲೆ ಆ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಅಳೆಯುವುದೂ ನನ್ನದೇ ಕೆಲಸ. ಇದೇ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದವರ ಮೇಲೆ ದೊಡ್ಡ ಅಧ್ಯಯನ ನಡೆಸುತ್ತಿದ್ದಾರೆ. ಅದರ ಮುಂದೆ ನಮ್ಮದು ತೀರಾ ಚಿಕ್ಕದು.

ಈ ಕೆಲಸಕ್ಕೆ ಹೊಸದಾಗಿ ಸೇರುವವರು ಮೊದಲು ಕೇಳುವುದು ಯಾವ ಸಾಫ್ಟ್‌ವೇರ್ ಅಂತ. ನಾನು ಮೊದಲು ಹೇಳುವುದು ತಲೆ ಅಲುಗಾಡದಂತೆ ನೋಡಿಕೊಳ್ಳುವ ಬಗ್ಗೆ.

ಯಾಕೆ ಅಂದರೆ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಅನ್ನುವ ಭಾಗ ವಯಸ್ಸಾದ ಹಾಗೆ ಎಲ್ಲರಲ್ಲೂ ಕುಗ್ಗುತ್ತದೆ, ವರ್ಷಕ್ಕೆ ಸುಮಾರು ಶೇ. 1ರಷ್ಟು. ಆಲ್ಜೈಮರ್ ಇದ್ದವರಲ್ಲಿ ಅದು ಶೇ. 4ರ ಆಸುಪಾಸು. ನಾವು ಹುಡುಕುವ ವ್ಯತ್ಯಾಸ ಇಷ್ಟೇ. ಸ್ಕ್ಯಾನ್ ನಡೆಯುವಾಗ ತಲೆ ಚೂರು ಅಲುಗಿದರೂ ಅಂಚುಗಳು ಮಸುಕಾಗುತ್ತವೆ. ಆಗ ಸಾಫ್ಟ್‌ವೇರ್ ಮೆದುಳಿನ ಹೊರಪದರವನ್ನು ಇರುವುದಕ್ಕಿಂತ ತೆಳ್ಳಗೆ ಅಳೆಯುತ್ತದೆ. ಕಾಯಿಲೆ ಇರುವವರು ಸಾಮಾನ್ಯವಾಗಿ ಜಾಸ್ತಿ ಅಲುಗಾಡುತ್ತಾರೆ. ಅಲ್ಲಿಗೆ ಅಲುಗಾಟವೇ ಕಾಯಿಲೆಯ ವೇಷ ಹಾಕಿಕೊಂಡು ಬಂತು ಅಲ್ವಾ? ಇದನ್ನು ತಡೆಯುವ ಕೆಲಸ ಶುರುವಾಗುವುದು ಹಳ್ಳಿಯಲ್ಲಿ.

ಮೊದಲ ಭೇಟಿ ಸುಮ್ನೆ ಮಾತಿಗೆ. 'ಫ್ರೀ ಸ್ಕ್ಯಾನ್ ಅಂತೆ, ಮರೆವು ವಾಸಿ ಆಗುತ್ತಂತೆ' ಅನ್ನುವ ಸುದ್ದಿ ನಮಗಿಂತ ಮುಂಚೆ ಊರು ಸೇರಿರುತ್ತದೆ. ಇದು ಚಿಕಿತ್ಸೆ ಅಲ್ಲ, ನಿಮ್ಮಿಂದ ನಾವು ಕಲಿಯುವುದು ಅಂತ ಬಿಡಿಸಿ ಹೇಳಬೇಕು. ಮುಳಬಾಗಿಲು ಕಡೆ ಎಷ್ಟೋ ಮನೆಗಳಲ್ಲಿ ಇದನ್ನು ತೆಲುಗಿನಲ್ಲಿ ಹೇಳಿದರೇ ಸರಿ. ಓದು ಬರಹ ಬಾರದವರು ಹೆಬ್ಬೆಟ್ಟು ಒತ್ತುವಾಗ ನಮ್ಮ ತಂಡಕ್ಕೆ ಸೇರದ ಒಬ್ಬ ಸಾಕ್ಷಿ ಪಕ್ಕದಲ್ಲಿರಬೇಕು.

ಎರಡನೇ ಭೇಟಿಯಲ್ಲಿ ಅಭ್ಯಾಸ. ಟೇಬಲ್ ಕೆಳಗೆ ಚಾಪೆ ಹಾಸಿ ಮಲಗಿಸುತ್ತೇವೆ. ಮೊಬೈಲಿನಲ್ಲಿ ಸ್ಕ್ಯಾನರ್ ಸದ್ದು ಜೋರಾಗಿ ಹಾಕುತ್ತೇವೆ. ಇಷ್ಟೇ. ಆದರೆ ಇದನ್ನು ಮಾಡಿದವರು ಮೆಷಿನ್ ಒಳಗೆ ಹೆದರುವುದು ತುಂಬಾ ಕಡಿಮೆ. ಅಲ್ಲಿ ಇನ್ನೊಂದನ್ನೂ ಕಲಿಸುತ್ತೇವೆ. ಮೈಕಿನಲ್ಲಿ 'ಚೆನ್ನಾಗಿದ್ದೀರಾ ತಾತ?' ಅಂತ ಕೇಳಿದರೆ ನಮ್ಮ ಜನ ತಲೆ ಆಡಿಸಿಯೇ ಹೂಂ ಅನ್ನುತ್ತಾರೆ. ಎರಡು ಸ್ಕ್ಯಾನ್ ನಡುವೆ ಹಾಗೆ ಆಡಿಸಿದರೆ ತಲೆ ಇದ್ದ ಜಾಗ ಬದಲಾಯಿತು. ಅದಕ್ಕೇ ಉತ್ತರಕ್ಕೆ ಕೈಬೆರಳು ಎತ್ತುವ ಅಭ್ಯಾಸ ಮಾಡಿಸುತ್ತೇವೆ.

ಲೋಹದ ವಿಚಾರದಲ್ಲಿ ಅವಸರ ಕೂಡದು. ನಮ್ಮದು 3 ಟೆಸ್ಲಾ ಮೆಷಿನ್. ಅಂದರೆ ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 60,000 ಪಟ್ಟು ಜಾಸ್ತಿ, ಅದೂ ಇಪ್ಪತ್ನಾಲ್ಕು ಗಂಟೆ. ಪೇಸ್‌ಮೇಕರ್, ಕಾಲಿನ ರಾಡ್, ಪ್ಲೇಟ್ ಇವನ್ನು ಎಲ್ಲ ಫಾರಂಗಳೂ ಕೇಳುತ್ತವೆ. ನಾನು ಕೆಲಸದ ಬಗ್ಗೆಯೂ ಕೇಳುತ್ತೇನೆ. ಟೇಕಲ್ ಕಡೆ ಕಲ್ಲು ಕೆಲಸ ಮಾಡಿದವರ, ವೆಲ್ಡಿಂಗ್ ಮಾಡಿದವರ ಕಣ್ಣಲ್ಲಿ ಕಬ್ಬಿಣದ ಚೂರು ಉಳಿದಿರಬಹುದು. ಅನುಮಾನ ಬಂದರೆ ಮೊದಲು ಎಕ್ಸ್‌ರೇ. ಸೀರೆಯ ಪಿನ್ನು, ರವಿಕೆಯ ಹುಕ್ಕು, ಉಡಿದಾರದ ತಾಯಿತ, ಕಾಲುಂಗುರ, ಮೂಗುತಿ ಎಲ್ಲ ತೆಗೆಸಬೇಕು. ತುರುಬು ಬಿಚ್ಚಿಸಬೇಕು, ಇಲ್ಲದಿದ್ದರೆ ಕಾಯಿಲ್‌ನಲ್ಲಿ, ಅಂದರೆ ತಲೆಯ ಸುತ್ತ ಬರುವ ಪಂಜರದಂಥ ಭಾಗದಲ್ಲಿ, ತಲೆ ಸರಿಯಾಗಿ ಕೂರುವುದಿಲ್ಲ.

ಇದರಲ್ಲಿ ಕಷ್ಟದ್ದು ತಾಳಿ. 'ನಮ್ಮ ಯಜಮಾನ್ರು ಗಟ್ಟಿಯಾಗಿದ್ದಾರೆ ಕಣಮ್ಮ, ನಾನ್ಯಾಕೆ ತಾಳಿ ತೆಗೀಲಿ?' ಅಂತ ಒಬ್ಬ ಅಜ್ಜಿ ಬಟ್ಟೆ ಬದಲಿಸುವ ಕೋಣೆಯಲ್ಲೇ ಕೂತುಬಿಟ್ಟರು. ಚಿನ್ನವನ್ನು ಅಯಸ್ಕಾಂತ ಎಳೆಯುವುದಿಲ್ಲ, ನಿಜ. ಆದರೆ ಸರದ ಕೊಂಡಿ, ಕರಿಮಣಿ ಪೋಣಿಸಿದ ತಂತಿ ಯಾವ ಲೋಹವೋ ಹೇಳಲಾಗದು. ಬಿಸಿ ಆಗಬಹುದು, ಚಿತ್ರವೂ ಕೆಡಬಹುದು. ಈಗ ನನ್ನ ಬ್ಯಾಗಿನಲ್ಲಿ ಯಾವಾಗಲೂ ಅರಿಶಿನದ ಕೊಂಬು, ಹತ್ತಿ ದಾರ ಇರುತ್ತವೆ. ಕೊಂಬು ಕಟ್ಟಿದ ದಾರವನ್ನು ಮೊದಲು ಕೊರಳಿಗೆ ಹಾಕಿಕೊಳ್ಳುತ್ತಾರೆ, ಆಮೇಲೆ ತಾಳಿ ತೆಗೆದು ಜೊತೆಗೆ ಬಂದವರ ಕೈಗೆ ಕೊಡುತ್ತಾರೆ. ಕೊರಳು ಒಂದು ಕ್ಷಣವೂ ಬರಿದಾಗುವುದಿಲ್ಲ. ನೆಮ್ಮದಿಯಾಗಿ ಮಲಗಿದವರ ತಲೆ ಅಲುಗುವುದೂ ಕಡಿಮೆ. ಇದು ನನಗೆ ತುಂಬಾ ಮುಖ್ಯ.

ಸ್ಕ್ಯಾನ್‌ಗೆ ಮೊದಲು ಮೂತ್ರಕ್ಕೆ ಕಳಿಸಿ. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಕಡ್ಡಾಯ.

ಮೊದಲು ಟಿ1 ಚಿತ್ರ, ಅಂದರೆ ಮೆದುಳಿನ ರಚನೆಯನ್ನು ಸ್ಪಷ್ಟವಾಗಿ ತೋರಿಸುವ ಚಿತ್ರ, ಐದಾರು ನಿಮಿಷದ್ದು. ಹಿಪೊಕ್ಯಾಂಪಸ್ ಅಳೆಯುವುದು ಇದರಲ್ಲೇ, ಹಾಗಾಗಿ ದಣಿಯುವ ಮೊದಲೇ ಇದು ಆಗಬೇಕು. ಅದರ ಬೆನ್ನಿಗೇ ರೆಸ್ಟಿಂಗ್ ಎಫ್.ಎಂ.ಆರ್.ಐ. ಇದರಲ್ಲಿ ರಕ್ತದ ಆಮ್ಲಜನಕದ ಏರಿಳಿತ ನೋಡಿ, ಮೆದುಳಿನ ಯಾವ ಭಾಗಗಳು ಒಟ್ಟಿಗೆ ಕೆಲಸ ಮಾಡುತ್ತಿವೆ ಅಂತ ಅಂದಾಜು ಮಾಡುತ್ತೇವೆ. ರಕ್ತದ ಆಮ್ಲಜನಕಕ್ಕೆ ತಕ್ಕಂತೆ ಎಂ.ಆರ್.ಐ. ಸಂಕೇತ ಬದಲಾಗುವುದಕ್ಕೆ ಬೋಲ್ಡ್ ಪರಿಣಾಮ ಅನ್ನುತ್ತಾರೆ, ಅದನ್ನು ಜಪಾನಿನ ವಿಜ್ಞಾನಿ ಸೆಯಿಜಿ ಒಗಾವಾ 1990ರಲ್ಲಿ ತೋರಿಸಿದರು. ಕಣ್ಣು ಬಿಟ್ಟುಕೊಂಡು ಎಚ್ಚರವಾಗಿ ಮಲಗಿರಬೇಕು. ಆದರೆ ಹಾಲು ಕರೆಯಲು ಬೆಳಗಿನ ಜಾವ ಎದ್ದವರು, ಹೆದ್ದಾರಿಯಲ್ಲಿ ಗಾಡಿ ಹತ್ತಿ ಬಂದವರು, ಅಲ್ಲಿ ಮಲಗಿದ ತಕ್ಷಣ ನಿದ್ದೆಗೆ ಜಾರುತ್ತಾರೆ. ನಿದ್ದೆಯಲ್ಲಿರುವ ಮೆದುಳಿನ ಚಿತ್ರವೇ ಬೇರೆ. ಹಾಗಂತ ದಾರಿಯಲ್ಲಿ ಟೀ ಕುಡಿಸಿದರೆ, ಕೆಫೀನ್ ಮೆದುಳಿನ ರಕ್ತದ ಹರಿವನ್ನೇ ಕಡಿಮೆ ಮಾಡುತ್ತದೆ. ಹೊಗೆಸೊಪ್ಪಿನದೂ ಪರಿಣಾಮ ಇದೆ. ದಿನವೂ ಕುಡಿಯುವವರಿಗೆ ಟೀ ತಪ್ಪಿಸಿದರೆ ತಲೆನೋವು ಬೇರೆ. ಅದಕ್ಕೇ ನಾವು ಟೀ ನಿಲ್ಲಿಸುವುದಿಲ್ಲ. ಎಷ್ಟು ಹೊತ್ತಿಗೆ ಕುಡಿದರು, ಎಲೆಅಡಿಕೆ ಯಾವಾಗ ಹಾಕಿದರು, ರಾತ್ರಿ ನಿದ್ದೆ ಹೇಗಿತ್ತು ಅಂತ ಬರೆದಿಟ್ಟುಕೊಳ್ಳುತ್ತೇವೆ. ಲೆಕ್ಕ ಹಾಕುವಾಗ ಇದು ಬೇಕೇ ಬೇಕು.

ನರತಂತುಗಳನ್ನು ನೋಡುವ ಡಿ.ಟಿ.ಐ. ಕೊನೆಗೆ. ಅದರಲ್ಲಿ ಟೇಬಲ್ ಅದುರುತ್ತದೆ. ಮೊದಲೇ ಹೇಳಿದರೆ ಬೆಚ್ಚುವುದಿಲ್ಲ.

ಅಳೆಯುವಾಗ ಎಲ್ಲರ ಮೆದುಳನ್ನೂ ಒಂದು ಮಾದರಿ ಮೆದುಳಿಗೆ ಹೊಂದಿಸಬೇಕು. ಎಲ್ಲೆಡೆ ಬಳಸುವ ಎಂ.ಎನ್.ಐ. 152 ಮಾದರಿ ಮಾಂಟ್ರಿಯಲ್‌ನಲ್ಲಿ ತಯಾರಾದದ್ದು, ಅದರಲ್ಲಿರುವುದು ಹೆಚ್ಚಾಗಿ ಎಳೆಯ ವಯಸ್ಸಿನವರ ಮೆದುಳು. ನಿಮ್ಹಾನ್ಸ್‌ನ ಸಂಶೋಧಕರು ಭಾರತೀಯರದೇ ಮಾದರಿಗಳನ್ನು ಮಾಡಿದ್ದಾರೆ, 6ರಿಂದ 60 ವರ್ಷದವರೆಗೆ. ನಮ್ಮ ಅಜ್ಜ ಅಜ್ಜಿಯರು ಆ ವಯಸ್ಸನ್ನೂ ದಾಟಿದವರು. ಅದಕ್ಕೇ ನಮ್ಮವರದೇ ಚಿತ್ರಗಳಿಂದ ಒಂದು ಸರಾಸರಿ ಮಾದರಿ ಮಾಡಿಕೊಂಡಿದ್ದೇವೆ. ಸಾಫ್ಟ್‌ವೇರ್ ಎಳೆದ ಹಿಪೊಕ್ಯಾಂಪಸ್ ಗೆರೆಯನ್ನು ಒಂದೊಂದಾಗಿ ಕಣ್ಣಾರೆ ನೋಡುತ್ತೇನೆ. ಬೇಜಾರಿನ ಕೆಲಸ, ಆದರೆ ಬಿಡುವ ಹಾಗಿಲ್ಲ.

ಫ್ಲೇರ್ ಅನ್ನುವ ಇನ್ನೊಂದು ಬಗೆಯ ಎಂ.ಆರ್.ಐ. ಚಿತ್ರದಲ್ಲಿ ಬಿಳಿ ಕಲೆಗಳೋ, ಹಳೆಯ ಸ್ಟ್ರೋಕ್ ಗುರುತೋ ಸಿಗುವುದು ಅಪರೂಪ ಅಲ್ಲ. ಇದಕ್ಕೆ ದೊಡ್ಡ ಕಾರಣ ಬಿ.ಪಿ. ರೇಡಿಯಾಲಜಿಸ್ಟ್ ವರದಿ ಬಂದ ಮೇಲೆ ಡಾಕ್ಟರ ಜೊತೆ ಮನೆಗೇ ಹೋಗಿ ಹೇಳುತ್ತೇವೆ. ಫೋನಿನಲ್ಲಿ ಹೇಳುವ ವಿಷಯ ಅದಲ್ಲ.

ಇಂಥ ಅಧ್ಯಯನ ಶುರು ಮಾಡುವವರು ಬಜೆಟ್ ಬರೆಯುವಾಗ ಸ್ಕ್ಯಾನರ್ ಗಂಟೆಯ ಬಾಡಿಗೆಯ ಜೊತೆಗೆ ಹಳ್ಳಿಯ ಎರಡು ಭೇಟಿ, ಗಾಡಿ, ಊಟ, ಜೊತೆಗೆ ಬರುವ ಮಗನದೋ ಸೊಸೆಯದೋ ಆವತ್ತಿನ ಕೂಲಿ, ಎಲ್ಲವನ್ನೂ ಬರೆಯಿರಿ. ಎರಡು ವರ್ಷ ಬಿಟ್ಟು ಅದೇ ಮನೆಗೆ, ಅದೇ ಮೆಷಿನ್‌ಗೆ ಮತ್ತೆ ಕರೆಯಬೇಕಾಗುತ್ತದೆ. ಆಗ ಅವರು ಬರಬೇಕು.