ಎಲ್ಲರಿಗಿಂತ ಕೊನೆಗೆ ಹೊರಡುವ ಗಾಡಿ

ಆರ್‌ವಿ ಅಂದರೆ ಹಾಸಿಗೆ, ಅಡುಗೆಮನೆ, ಬಚ್ಚಲು ಎಲ್ಲ ಒಳಗೇ ಇರುವ ಗಾಡಿ. ಅಂಥ ಗಾಡಿಗಳ ಗುಂಪು ಪ್ರವಾಸ ಅಂದಾಗ ನನ್ನ ತಲೆಯಲ್ಲಿದ್ದ ಚಿತ್ರವೇ ಬೇರೆ. ಹದಿನಾಲ್ಕು ಗಾಡಿಗಳು ಮದುವೆ ದಿಬ್ಬಣದ ಹಾಗೆ ಸಾಲಾಗಿ ಹೋಗುತ್ತವೆ, ಮುಂದಿನ ಗಾಡಿಯ ಬೆನ್ನು ಹಿಡಿದು ನಾವೂ ಹೋದರಾಯಿತು ಅಂದುಕೊಂಡಿದ್ದೆ. ಹಾಗೆ ಇರಲಿಲ್ಲ. ಗಾಡಿ ನಮ್ಮದು, ಓಡಿಸುವವರು ನಾವು, ದಾರಿಯಲ್ಲಿ ಹೆಚ್ಚು ಹೊತ್ತು ನಾವೇ ನಾವು. ಇದು ಮೊದಲೇ ಗೊತ್ತಿದ್ದರೆ ನಾನು ಬೇರೆ ರೀತಿ ತಯಾರಾಗುತ್ತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಹಾಸನದವರು, ಇಪ್ಪತ್ತೆರಡು ವರ್ಷದಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. 2023ರಲ್ಲಿ ನಮ್ಮತ್ತೆ ಆರು ತಿಂಗಳಿಗೆ ಬಂದಿದ್ದರು. ಅವರಿಗೆ ಎಪ್ಪತ್ತನಾಲ್ಕು, ಮಂಡಿ ನೋವು. "ದಿನಕ್ಕೊಂದು ಹೋಟೆಲು, ದಿನಾ ಪೆಟ್ಟಿಗೆ ಕಟ್ಟೋದು ನನ್ನ ಕೈಲಾಗಲ್ಲ ಕಣೇ" ಅಂದರು. ಮನೆಯೇ ಜೊತೆಗೆ ಬಂದರೆ? ನಮ್ಮನೆಯವರಿಗೆ ಆರ್‌ವಿ ಆಸೆ ಮೊದಲಿಂದಲೂ ಇತ್ತು. ಹೆದರಿಕೆ ಇದ್ದದ್ದು ನನಗೆ. ಯೂಟಾದ ಬೆಟ್ಟಗಳಲ್ಲಿ ಗಾಡಿ ಕೆಟ್ಟರೆ ಯಾರನ್ನು ಕರೆಯೋದು? ಹಾಗಾಗಿ ಗುಂಪಿನ ಜೊತೆ ಹೋಗೋಣ ಅಂತ ಹಟ ಹಿಡಿದವಳು ನಾನೇ. ಸೆಪ್ಟೆಂಬರ್ ಕೊನೆಯಲ್ಲಿ ಹನ್ನೆರಡು ದಿನ. ಲಾಸ್ ವೇಗಸ್‌ನಿಂದ ಹೊರಟು ಜಯಾನ್, ಬ್ರೈಸ್ ಕ್ಯಾನ್ಯನ್, ಕ್ಯಾಪಿಟಲ್ ರೀಫ್, ಮೋಆಬ್, ಮಾನ್ಯುಮೆಂಟ್ ವ್ಯಾಲಿ, ಗ್ರ್ಯಾಂಡ್ ಕ್ಯಾನ್ಯನ್ ನೋಡಿ ಮತ್ತೆ ಲಾಸ್ ವೇಗಸ್.

ಗುಂಪಿನ ಶುಲ್ಕ ತಲೆ ಲೆಕ್ಕದಲ್ಲಿ ಇರುವುದಿಲ್ಲ, ಗಾಡಿ ಲೆಕ್ಕದಲ್ಲಿ ಇರುತ್ತದೆ. ಒಂದು ಗಾಡಿ, ಇಬ್ಬರು. ಮೂರನೆಯವರಿಗೆ ಬೇರೆ. ಕ್ಯಾಂಪಿನ ಜಾಗ, ಕೆಲವು ಊಟ, ಕೆಲವು ಬಸ್ ಸುತ್ತಾಟ ಅದರಲ್ಲೇ ಬರುತ್ತದೆ. ಗಾಡಿ ಬಾಡಿಗೆ, ಪೆಟ್ರೋಲು, ವಿಮೆ ನಮ್ಮ ಮೇಲೆ. ನಮ್ಮ ಗಾಡಿ ಒಂದು ಗ್ಯಾಲನ್‌ಗೆ ಎಂಟು ಮೈಲಿ ಕೊಡುತ್ತಿತ್ತು, ಅಷ್ಟೇ. ಈ ಲೆಕ್ಕ ಮೊದಲೇ ಹಾಕಿಕೊಳ್ಳಿ.

ಬಾಡಿಗೆಗೆ ತಗೊಂಡದ್ದು ಕ್ಲಾಸ್ ಸಿ ಗಾಡಿ. ಲಾರಿಯಂಥ ಮೂತಿ, ಚಾಲಕರ ತಲೆಯ ಮೇಲೆ ಒಂದು ಹಾಸಿಗೆ, ಹಿಂದೆ ಇನ್ನೊಂದು. ಉದ್ದ 28 ಅಡಿ, ಎತ್ತರ 12 ಅಡಿ. ನಮ್ಮ ಮಾಮೂಲಿ ಲೈಸೆನ್ಸ್ ಸಾಕು. ಗಾಡಿ ಕೊಟ್ಟ ಹುಡುಗ ಇಪ್ಪತ್ತು ನಿಮಿಷದಲ್ಲಿ ಎಲ್ಲ ಹೇಳಿ ಮುಗಿಸಿದ. ನಮ್ಮನೆಯವರು ಅದನ್ನು ಪೂರ್ತಿ ಫೋನಿನಲ್ಲಿ ವಿಡಿಯೋ ಮಾಡಿಕೊಂಡರು. ಆ ವಿಡಿಯೋವನ್ನು ಆಮೇಲೆ ಎಷ್ಟು ಸಲ ನೋಡಿದೆವೋ. ಎತ್ತರವನ್ನು ಒಂದು ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಎದುರಿಗೆ ಅಂಟಿಸಿದೆ. ಕಾರು ಓಡಿಸಿ ಅಭ್ಯಾಸ ಆದವರಿಗೆ ತಲೆಯ ಮೇಲೂ ಗಾಡಿ ಇದೆ ಅನ್ನೋದು ನೆನಪಿರುವುದಿಲ್ಲ. ಪೆಟ್ರೋಲ್ ಬಂಕಿನ ಚಾವಣಿ, ಮರದ ಕೊಂಬೆ, ಎಲ್ಲವನ್ನೂ ಕತ್ತೆತ್ತಿ ನೋಡಬೇಕು.

ಮೊದಲ ಸಂಜೆ ಗುಂಪಿನ ಸಭೆ. ಹದಿನಾಲ್ಕು ಗಾಡಿಯವರೂ ಮಡಚುವ ಕುರ್ಚಿ ಹಿಡಿದು ಬಂದರು. ಹೆಚ್ಚಿನವರು ನಿವೃತ್ತರಾದ ಅಮೆರಿಕನ್ ದಂಪತಿಗಳು. ಮುಂದಾಳು ದಂಪತಿಯನ್ನು ವ್ಯಾಗನ್‌ಮಾಸ್ಟರ್ ಅನ್ನುತ್ತಾರೆ. ಅವರು ಎಲ್ಲರಿಗಿಂತ ಮೊದಲು ಹೊರಟು, ಮುಂದಿನ ಕ್ಯಾಂಪು ತಲುಪಿ, ಯಾವ ಗಾಡಿ ಎಲ್ಲಿ ಅಂತ ಜಾಗ ಗೊತ್ತು ಮಾಡುತ್ತಾರೆ. ಇನ್ನೊಂದು ದಂಪತಿ ಟೇಲ್‌ಗನ್ನರ್. ಇವರು ಎಲ್ಲರೂ ಹೊರಟ ಮೇಲೆ ಹೊರಡುತ್ತಾರೆ. ದಾರಿಯಲ್ಲಿ ಯಾರಾದರೂ ನಿಂತಿದ್ದರೆ ಇವರೂ ನಿಲ್ಲುತ್ತಾರೆ. ಗಾಡಿಯ ತುಂಬ ಸಲಕರಣೆ, ಫ್ಯೂಸು, ಪೈಪು. ನಡುವೆ ನಾವು ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆ ಒಳಗೆ ಯಾವಾಗ ಬೇಕಾದರೂ ಹೊರಡಬಹುದು. ಕೈಗೆ ಒಂದು ದಾರಿ ಪುಸ್ತಕ ಕೊಟ್ಟರು. ಎಷ್ಟನೇ ಮೈಲಿಗೆ ಇಳಿಜಾರು, ಎಲ್ಲಿ ದೊಡ್ಡ ಗಾಡಿ ನಿಲ್ಲಿಸಬಹುದು, ಯಾವ ಬಂಕಿನಲ್ಲಿ ತಿರುಗಿಸಲು ಜಾಗ ಇದೆ, ಎಲ್ಲ ಅದರಲ್ಲಿ ಇತ್ತು. ಫೋನಿನ ನಕ್ಷೆಗೆ ಇದು ಯಾವುದೂ ಗೊತ್ತಿರಲಿಲ್ಲ.

ಪ್ರತಿದಿನ ಸಂಜೆ ಅರ್ಧ ಗಂಟೆ ಚಾಲಕರ ಸಭೆ ಇರುತ್ತಿತ್ತು. ನನ್ನ ಮಟ್ಟಿಗೆ ಕೊಟ್ಟ ದುಡ್ಡೆಲ್ಲ ಈ ಅರ್ಧ ಗಂಟೆಗೆ. ಮಾರನೇ ದಿನದ ದಾರಿಯನ್ನು ಬಾಯಲ್ಲೇ ಓಡಿಸಿ ತೋರಿಸುತ್ತಿದ್ದರು. ವರ್ಜಿನ್ ನದಿಯ ಕೊರಕಲಿನಲ್ಲಿ ಹೆದ್ದಾರಿ ಕಿರಿದು, ಗಾಳಿ ಅಡ್ಡ ಬೀಸುತ್ತದೆ, ಎರಡೂ ಕೈ ಸ್ಟಿಯರಿಂಗ್ ಮೇಲಿರಲಿ ಅಂತ ಮೊದಲ ದಿನವೇ ಹೇಳಿದ್ದರು. ಅಲ್ಲಿಗೆ ಬಂದಾಗ ಗಾಳಿ ಗಾಡಿಯನ್ನು ಪಕ್ಕಕ್ಕೆ ತಳ್ಳಿತು. ಹೇಳಿರದಿದ್ದರೆ ನಾನು ಗಾಬರಿಯಾಗಿ ಬ್ರೇಕ್ ಒತ್ತುತ್ತಿದ್ದೆ.

ಜಯಾನ್‌ನ ಸುರಂಗದ ವಿಷಯವೂ ಹಾಗೇ. 1930ರಲ್ಲಿ ಮುಗಿದ, 1.1 ಮೈಲಿ ಉದ್ದದ ಸುರಂಗ ಅದು. ಆ ಕಾಲದ ಕಾರುಗಳ ಅಳತೆಗೆ ಕೊರೆದದ್ದು. ನಾವು ಹೋದಾಗ 11 ಅಡಿ 4 ಅಂಗುಲ ಅಥವಾ ಅದಕ್ಕಿಂತ ಎತ್ತರದ ಗಾಡಿಗೆ 15 ಡಾಲರ್ ಕೊಟ್ಟು ಪರವಾನಗಿ ತಗೋಬೇಕಿತ್ತು. ಉದ್ಯಾನದ ರೇಂಜರ್‌ಗಳು ಎದುರಿನ ವಾಹನಗಳನ್ನು ನಿಲ್ಲಿಸುತ್ತಿದ್ದರು, ನಾವು ರಸ್ತೆಯ ನಟ್ಟನಡುವೆ ಓಡಿಸಬೇಕಿತ್ತು. ಚಾವಣಿ ಕಮಾನಿನ ಹಾಗಿರುವುದರಿಂದ ಬದಿಗೆ ಸರಿದರೆ ತಾಗುತ್ತದೆ. ನಮ್ಮನೆಯವರು ಓಡಿಸುತ್ತಿದ್ದರು, ಅತ್ತೆ ವಿಷ್ಣು ಸಹಸ್ರನಾಮ ಹೇಳುತ್ತಿದ್ದರು. ನಡುವೆ ಬಂಡೆಯಲ್ಲಿ ಕೊರೆದ ಕಿಟಕಿಗಳಿಂದ ಬೆಳಕು ಮಿಂಚಿ ಮರೆಯಾಗುತ್ತಿತ್ತು. ಅಲ್ಲಿ ದೊಡ್ಡ ಗಾಡಿಗಳ ನಿಯಮ ಬದಲಾಗುತ್ತಿದೆ, ಹೊರಡುವ ಮುಂಚೆ ನೋಡಿಕೊಳ್ಳಿ.

ಈಗ ಬ್ರೈಸ್ ರಾತ್ರಿಯ ಕಥೆ.

ಬ್ರೈಸ್ ಕ್ಯಾನ್ಯನ್ ಎಂಟು ಸಾವಿರ ಅಡಿಗೂ ಎತ್ತರದಲ್ಲಿದೆ. ಕ್ಯಾಂಪು ಅದಕ್ಕಿಂತ ಸ್ವಲ್ಪ ಕೆಳಗೆ. ಹಗಲು ಬಿಸಿಲು, ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ಮಲಗುವ ಮುಂಚೆ ನೀರಿನ ಪೈಪು ಬಿಚ್ಚಿಡಿ ಅಂತ ಸಭೆಯಲ್ಲಿ ಹೇಳಿದ್ದರು, ಬಿಚ್ಚಿಟ್ಟೆವು. ಬೇಳೆ ಬೇಯಲು ಕುಕ್ಕರಿನಲ್ಲೂ ಎರಡು ಸೀಟಿ ಜಾಸ್ತಿ ಬೇಕಾಯಿತು. ಊಟ ಆಯಿತು. ಅತ್ತೆಗೆ ಚಳಿ ಅಂತ ಕರೆಂಟಿನ ಹೀಟರ್ ಹಚ್ಚಿದೆ. ನೀರು ಕಾಯಿಸುವ ಹಂಡೆಯೂ ಕರೆಂಟಿನಲ್ಲೇ ಓಡುತ್ತಿತ್ತು. ಆಮೇಲೆ ಹಾಲು ಬಿಸಿ ಮಾಡಲು ಮೈಕ್ರೋವೇವ್ ಹಾಕಿದೆ. ಅದು ನಿಂತುಬಿಟ್ಟಿತು. ದೀಪ ಉರಿಯುತ್ತಿತ್ತಲ್ಲ, ಮೈಕ್ರೋವೇವ್ ಕೆಟ್ಟಿರಬೇಕು ಅಂದುಕೊಂಡು ಹಾಲನ್ನು ಒಲೆಯ ಮೇಲಿಟ್ಟೆ. ಹೀಟರೂ ನಿಂತಿತ್ತು, ಒಳಗೆ ಬೆಚ್ಚಗಾಗಿದ್ದಕ್ಕೆ ತಾನೇ ನಿಂತಿದೆ ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ಒಳಗೆ ಬಿಸಿ ಗಾಳಿ ಬಿಡುವ ಗ್ಯಾಸಿನ ಫರ್ನೇಸ್ ತಾನಾಗೇ ಶುರುವಾಯಿತು. ಎಲ್ಲ ಸರಿಯಾಗಿದೆ ಅಂತ ಮಲಗಿದೆವು.

ನಾಲ್ಕು ಗಂಟೆಗೆ ಎಚ್ಚರವಾದಾಗ ಮೂಗು ಕೊರೆಯುವ ಚಳಿ. ಫರ್ನೇಸ್ ಸದ್ದಿಲ್ಲ. ನೆಲದ ಹತ್ತಿರ ಇರುವ ಗ್ಯಾಸ್ ಎಚ್ಚರಿಕೆಯ ಡಬ್ಬಿ ಕೀಂಯ್ ಕೀಂಯ್ ಅನ್ನುತ್ತಿತ್ತು. ದೀಪ ಹಾಕಿದರೆ ಮಂಕಾಗಿ ಉರಿದು ಆರಿತು. ಜನರೇಟರ್ ಗುಂಡಿ ಒತ್ತಿದರೆ ಅದೂ ಶುರುವಾಗಲಿಲ್ಲ. ಅತ್ತೆ ಎರಡು ರಜಾಯಿ ಹೊದ್ದು ನಡುಗುತ್ತಿದ್ದರು. "ಏನೂ ಆಗಿಲ್ಲ ಬಿಡ್ರೋ, ಬೆಳಕು ಹರೀಲಿ" ಅಂದರು. ನಮ್ಮನೆಯವರೂ "ಇಷ್ಟು ಹೊತ್ತಲ್ಲಿ ಅವರನ್ನ ಎಬ್ಬಿಸೋದಾ?" ಅಂತ ಹಿಂದೆ ಮುಂದೆ ನೋಡಿದರು. "ರೀ, ಅಮ್ಮನ ಕೈ ಮುಟ್ಟಿ ನೋಡಿ" ಅಂದೆ. ನಾನೇ ಶಾಲು ಸುತ್ತಿಕೊಂಡು ಹೋಗಿ ಟೇಲ್‌ಗನ್ನರ್ ಗಾಡಿಯ ಬಾಗಿಲು ತಟ್ಟಿದೆ.

ಐದು ನಿಮಿಷದಲ್ಲಿ ಅವರು ಟಾರ್ಚು ಹಿಡಿದು ಬಂದರು. ನಮ್ಮ ಗಾಡಿಯ ಒಳಗೆ ಕಾಲಿಡಲೇ ಇಲ್ಲ. ನೇರ ನಮ್ಮ ಗಾಡಿಗೆ ಕರೆಂಟು ಬರುತ್ತಿದ್ದ ಹೊರಗಿನ ಕಂಬದ ಹತ್ತಿರ ಹೋಗಿ, ಮುಚ್ಚಳ ಎತ್ತಿ, ಬ್ರೇಕರನ್ನು ಒಮ್ಮೆ ಪೂರ್ತಿ ಕೆಳಗೆ ಒತ್ತಿ ಮತ್ತೆ ಮೇಲೆ ಮಾಡಿದರು. ದೀಪ ಬಂತು, ಫರ್ನೇಸ್ ಗುರ್ ಅಂತ ಶುರುವಾಯಿತು.

ಆಮೇಲೆ ಅಲ್ಲೇ ಚಳಿಯಲ್ಲಿ ನಿಂತು ಬಿಡಿಸಿ ಹೇಳಿದರು. ನಮ್ಮ ಗಾಡಿಯದು 30 ಆಂಪಿಯರ್ ಸಂಪರ್ಕ. 120 ವೋಲ್ಟಿಗೆ ಅದು 3,600 ವಾಟ್, ಅದಕ್ಕಿಂತ ಒಂದು ಚೂರೂ ಜಾಸ್ತಿ ಇಲ್ಲ. ಹೀಟರಿಗೆ 1,500, ಹಂಡೆಗೆ ಹತ್ತಿರ ಹತ್ತಿರ ಅಷ್ಟೇ, ಅದರ ಮೇಲೆ ಮೈಕ್ರೋವೇವ್. ಬ್ರೇಕರ್ ಬಿತ್ತು. ದೀಪಗಳು ಮಾತ್ರ 12 ವೋಲ್ಟಿನ ಬ್ಯಾಟರಿಯಲ್ಲಿ ಉರಿಯುತ್ತವೆ, ಹಾಗಾಗಿ ಕರೆಂಟು ಹೋದದ್ದು ಕಣ್ಣಿಗೆ ಕಾಣಲಿಲ್ಲ. ಫರ್ನೇಸ್ ಬೆಂಕಿಗೆ ಗ್ಯಾಸು, ಆದರೆ ಬಿಸಿ ಗಾಳಿ ತಳ್ಳುವ ಫ್ಯಾನಿಗೆ ಬ್ಯಾಟರಿ. ಅದು ರಾತ್ರಿಯೆಲ್ಲ ಓಡಿ ಬ್ಯಾಟರಿ ಬರಿದು ಮಾಡಿತು. ಜನರೇಟರ್ ಶುರುವಾಗಲೂ ಅದೇ ಬ್ಯಾಟರಿ ಬೇಕು. "ಮಲಗುವ ಮುಂಚೆ ಮೈಕ್ರೋವೇವಿನ ಗಡಿಯಾರ ನೋಡಿ. ಅದು ಬೆಳಗುತ್ತಿದ್ದರೆ ಹೊರಗಿನ ಕರೆಂಟಿದೆ" ಅಂದರು. ಅಂದಿನಿಂದ ಆ ಗಡಿಯಾರ ನೋಡದೆ ನಾನು ಮಲಗಿಲ್ಲ. ಮನೆಯಲ್ಲಿ ದೇವರ ದೀಪ ನೋಡಿ ಮಲಗುತ್ತೇವಲ್ಲ, ಹಾಗೆ. ಹೀಟರ್ ಹಚ್ಚಿದರೆ ಹಂಡೆಯನ್ನು ಗ್ಯಾಸಿಗೆ ಬದಲಾಯಿಸುತ್ತಿದ್ದೆ.

ಬೆಳಿಗ್ಗೆ ಅತ್ತೆ ಕಾಫಿ ಮಾಡಿಸಿ, ಫ್ಲಾಸ್ಕಿನಲ್ಲಿ ಹಾಕಿ ಅವರಿಗೆ ಕಳಿಸಿದರು. ನಮ್ಮ ಫಿಲ್ಟರ್ ಕಾಫಿ. ಮಾರನೇ ದಿನದಿಂದ ಅವರೇ ಲೋಟ ಹಿಡಿದು ಬರುತ್ತಿದ್ದರು.

ಬ್ರೈಸ್‌ನಿಂದ ಟೋರಿಗೆ ಹೋಗುವ 12ನೇ ನಂಬರ್ ರಸ್ತೆಯಲ್ಲಿ ಓಡಿಸಿದ್ದು ನಾನು. ಎಸ್ಕಲಾಂಟೆ ದಾಟಿದ ಮೇಲೆ ಹಾಗ್‌ಬ್ಯಾಕ್ ಅನ್ನುವ ಜಾಗ ಬರುತ್ತದೆ. ಹಂದಿಯ ಬೆನ್ನಿನ ಹಾಗಿರುವ ಕಿರಿದಾದ ಏಣಿನ ಮೇಲೆ ರಸ್ತೆ. ಎರಡೂ ಕಡೆ ಪ್ರಪಾತ, ತಡೆಗೋಡೆ ಇಲ್ಲ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ, ಗೇರಿನ ಕೋಲಿನ ತುದಿಯಲ್ಲಿರುವ ಟೋ-ಹಾಲ್ ಗುಂಡಿ ಒತ್ತಿ ಅಂತ ಹಿಂದಿನ ಸಂಜೆ ಹೇಳಿದ್ದರು. ಒತ್ತಿದರೆ ಇಳಿಜಾರಿನಲ್ಲಿ ಗಾಡಿ ತಾನೇ ಕೆಳಗಿನ ಗೇರಿಗೆ ಬಂದು, ಎಂಜಿನ್ನೇ ವೇಗ ತಗ್ಗಿಸುತ್ತದೆ. ಆ ಸದ್ದು ನನಗೆ ಗೊತ್ತಿತ್ತು. ಶಿರಾಡಿ ಘಾಟಿಯಲ್ಲಿ ಕೆಂಪು ಬಸ್ಸು ಇಳಿಯುವಾಗ ಬರುತ್ತಿದ್ದ ಸದ್ದು ಅದು. ಹಿಂದೆ ಕಾರುಗಳು ಸೇರಿದರೆ ಜಾಗ ಸಿಕ್ಕಲ್ಲಿ ಪಕ್ಕಕ್ಕೆ ನಿಲ್ಲಿಸಿ ಬಿಟ್ಟುಕೊಡುತ್ತಿದ್ದೆ. ಮೇಲೆ ಬೌಲ್ಡರ್ ಬೆಟ್ಟದಲ್ಲಿ ಆಸ್ಪೆನ್ ಮರಗಳು ಅರಿಶಿನ ಬಳಿದ ಹಾಗೆ ಹಳದಿಯಾಗಿದ್ದವು.

ಕ್ಯಾಪಿಟಲ್ ರೀಫ್‌ನ ಫ್ರೂಟಾ ಅತ್ತೆಗೆ ಬಹಳ ಹಿಡಿಸಿತು. ಕೆಂಪು ಬಂಡೆಗಳ ಕೆಳಗೆ, 1880ರ ದಶಕದಲ್ಲಿ ಬಂದ ಮಾರ್ಮನ್ ಪಂಥದ ಕುಟುಂಬಗಳು ಶುರುಮಾಡಿದ ಹಣ್ಣಿನ ತೋಟಗಳಿವೆ. ಅಲ್ಲೇ ಕಿತ್ತು ತಿಂದರೆ ದುಡ್ಡಿಲ್ಲ, ಮನೆಗೆ ಒಯ್ದರೆ ತೂಕ ಮಾಡಿ ನಾವೇ ದುಡ್ಡು ಹಾಕಬೇಕು. ಅತ್ತೆ ಒಂದು ಚೀಲ ಸೇಬು ಕಿತ್ತರು.

ಮೋಆಬ್‌ನಲ್ಲಿ ಆರ್ಚಸ್ ರಾಷ್ಟ್ರೀಯ ಉದ್ಯಾನಕ್ಕೆ ಸಮಯ ಕಾದಿರಿಸಿದ ಚೀಟಿ ಬೇಕಿತ್ತು, ಗುಂಪಿನವರೇ ಮಾಡಿಸಿದ್ದರು. ಮಾನ್ಯುಮೆಂಟ್ ವ್ಯಾಲಿ ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರ ನೆಲ. ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸು ಅಲ್ಲಿ ನಡೆಯುವುದಿಲ್ಲ. 17 ಮೈಲಿಯ ಮಣ್ಣು ರಸ್ತೆಗೆ ಆರ್‌ವಿ ಬಿಡುವುದೂ ಇಲ್ಲ. ನವಾಹೊ ಮಾರ್ಗದರ್ಶಿಯ ತೆರೆದ ಲಾರಿಯಲ್ಲೇ ಹೋದೆವು, ಅದೇ ಸರಿ ಅನ್ನಿಸಿತು. ತಮ್ಮ ಊರನ್ನು ಅವರೇ ತೋರಿಸಬೇಕು, ಅಲ್ವಾ. ಗಡಿಯಾರದ ವಿಷಯವನ್ನೂ ಸಭೆಯಲ್ಲಿ ಹೇಳಿದ್ದರು. ಬೇಸಿಗೆಯಲ್ಲಿ ಅರಿಝೋನಾ ಗಡಿಯಾರ ಮುಂದೆ ಮಾಡುವುದಿಲ್ಲ, ನವಾಹೊ ಸೀಮೆ ಮಾಡುತ್ತದೆ. ದಾರಿಯಲ್ಲಿ ಫೋನಿನ ಸಮಯ ಹಿಂದಕ್ಕೂ ಮುಂದಕ್ಕೂ ಕುಣಿಯುತ್ತದೆ. ಸುಮ್ನೆ ಒಂದು ಕೈಗಡಿಯಾರ ಕಟ್ಟಿಕೊಳ್ಳಿ.

ಅಡುಗೆಯ ಬಗ್ಗೆ ಎರಡು ಮಾತು. ಒಗ್ಗರಣೆ ಹಾಕುವ ಮುಂಚೆ ಚಾವಣಿಯ ಫ್ಯಾನ್ ಹಾಕಿ, ಕಿಟಕಿ ತೆಗೆಯಿರಿ. ಇಲ್ಲದಿದ್ದರೆ ಹೊಗೆಯ ಅಲಾರಂ ಕೂಗಿ ಅಕ್ಕಪಕ್ಕದವರೆಲ್ಲ ಓಡಿ ಬರುತ್ತಾರೆ, ನಮಗೆ ಎರಡು ಸಲ ಹಾಗಾಯಿತು. ಎಲ್ಲರೂ ಒಂದೊಂದು ತಂದು ಹಂಚಿಕೊಳ್ಳುವ ಊಟಕ್ಕೆ ನಾನು ಚಿತ್ರಾನ್ನ ಮಾಡಿದ್ದೆ. ಪಾತ್ರೆ ಖಾಲಿಯಾಗಿ ಬಂತು.

ಶೌಚದ ತೊಟ್ಟಿ ಖಾಲಿ ಮಾಡುವ ಕೆಲಸಕ್ಕೆ ಹೆದರಿದ್ದೆವು. ಕೈಗವಸು ಹಾಕಿ, ಮೊದಲು ಶೌಚದ್ದು ಬಿಟ್ಟು ಆಮೇಲೆ ಸ್ನಾನ ಮತ್ತು ಪಾತ್ರೆಯ ನೀರು ಬಿಡಬೇಕು. ಆ ನೀರೇ ಪೈಪು ತೊಳೆಯುತ್ತದೆ. ಅಡುಗೆಯ ಪಕ್ಕದಲ್ಲೇ ಬಚ್ಚಲು ಅನ್ನೋದು ಅತ್ತೆಗೆ ಕಷ್ಟವಾಯಿತು. ನಡುವೆ ಒಂದು ಪರದೆ ಕಟ್ಟಿದೆ. ಮೂರನೇ ದಿನಕ್ಕೆ ಹೊಂದಿಕೊಂಡರು.

ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕೊನೆಯ ಬೆಳಿಗ್ಗೆ ಎಲ್ಲರೂ ಬೇಗ ಹೊರಟರು. ಅತ್ತೆಗೆ ಇನ್ನೊಮ್ಮೆ ಅಂಚಿಗೆ ಹೋಗಿ ನೋಡಬೇಕಿತ್ತು. "ಅವರು ಕಾಯ್ತಾರಾ?" ಅಂತ ಕೇಳಿದರು. ಟೇಲ್‌ಗನ್ನರ್ ದಂಪತಿ ಕುರ್ಚಿ ಇನ್ನೂ ಮಡಚಿರಲಿಲ್ಲ. ನಾವು ನಿಧಾನವಾಗಿ ನಡೆದು ಹೋಗಿ, ಬಿಸಿಲು ಕಣಿವೆಯ ತಳ ಮುಟ್ಟುವವರೆಗೆ ಕೂತು ಬಂದೆವು. ಅವರ ಕಾಫಿಯ ಫ್ಲಾಸ್ಕು ಕೊಟ್ಟು, ಅತ್ತೆ ಚೀಲದಲ್ಲಿ ಉಳಿದಿದ್ದ ಸೇಬು ಕೊಟ್ಟರು. ಒಂಬತ್ತೂವರೆಗೆ ನಾವು ಹೊರಟೆವು. ಕನ್ನಡಿಯಲ್ಲಿ ಅವರ ಗಾಡಿಯ ದೀಪ ಹೊತ್ತಿಕೊಂಡದ್ದು ಕಾಣಿಸಿತು.