ಹಳೆಯ ಎಂಜಿಬಿಗೆ ಯಾವ ಎಂಜಿನ್ ಆಯಿಲ್? ನನ್ನ ಅನುಭವ

ನನ್ನ ಬಳಿ ಇರುವುದು 1972ರ ಎಂಜಿಬಿ ರೋಡ್‌ಸ್ಟರ್. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಸ್ಪೋರ್ಟ್ಸ್ ಕಾರು ಇದು. ಎಂಜಿನ್ 1798 ಸಿಸಿ. ನಮ್ಮವರಿಗೆ ಇದು ಅಪರಿಚಿತ ಎಂಜಿನ್ ಅಲ್ಲ. ಅಂಬಾಸಿಡರ್ ಕಾರಿನಲ್ಲಿ ದಶಕಗಳ ಕಾಲ ಓಡಿದ 1489 ಸಿಸಿ ಪೆಟ್ರೋಲ್ ಎಂಜಿನ್ ಇದೇ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ-ಸರಣಿಗೆ ಸೇರಿದ್ದು. ಹಾಗಾಗಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಈ ಕಾರು ಕೊಂಡಾಗ ನಾನು ಮೊದಲು ಫೋನ್ ಮಾಡಿದ್ದು, ಹಾಸನದಲ್ಲಿ ಬಹುಕಾಲ ಅಂಬಾಸಿಡರ್ ಓಡಿಸಿದ ಸೋದರಮಾವನಿಗೆ. "ಯಾವ ಕಂಪನಿಯ ಆಯಿಲ್ ಎಂದು ಆಮೇಲೆ ನೋಡೋಣ. ಮೊದಲು ಗಾಡಿ ಚೆನ್ನಾಗಿ ಕಾಯಲಿ. ಕಾದ ಮೇಲೆ ಎಂಜಿನ್ ಏನು ಹೇಳುತ್ತದೆ ಎಂದು ನೋಡಿ ನನಗೆ ತಿಳಿಸು" ಎಂದರು.

ನಾನು ಅದನ್ನೇ ಮಾಡಿದೆ. ಎಂಜಿಬಿಯ ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಪ್ರೆಶರ್ ಮೀಟರ್ ಇರುತ್ತದೆ. ಹಳೆಯ ಕಾರಿನ ಮಾಲೀಕನಿಗೆ ಇದಕ್ಕಿಂತ ನಂಬಿಕಸ್ತ ಸಲಹೆಗಾರ ಇನ್ನೊಬ್ಬನಿಲ್ಲ. ಕಾದ ಎಂಜಿನ್‌ನಲ್ಲಿ, ಓಡುವಾಗ 50ರಿಂದ 80 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಒತ್ತಡ), ಗಾಡಿ ನಿಂತು ಎಂಜಿನ್ ಮಾತ್ರ ತಿರುಗುವ ಐಡಲ್‌ನಲ್ಲಿ 10ರಿಂದ 25 ಇರಬೇಕೆಂಬುದು ಕಾರ್ಖಾನೆಯ ಲೆಕ್ಕ. ಕಾರಿನಲ್ಲಿ ಆಗ ಯಾವ ಆಯಿಲ್ ಇತ್ತೆಂದು ಮಾರಿದವರಿಗೂ ಗೊತ್ತಿರಲಿಲ್ಲ. ಅರ್ಧ ಗಂಟೆ ಓಡಿಸಿ ಸಿಗ್ನಲ್‌ನಲ್ಲಿ ನಿಂತಾಗ ಮುಳ್ಳು ನಿಧಾನವಾಗಿ ಇಳಿದು 12ರ ಆಸುಪಾಸಿನಲ್ಲಿ ನಡುಗುತ್ತಿತ್ತು. ಕ್ಲಚ್ ಬಿಟ್ಟು ಹೊರಟರೆ 50ಕ್ಕೆ ಏರುತ್ತಿತ್ತು. ಮಿತಿಯೊಳಗೇ ಇತ್ತು, ಆದರೆ ಅಂಚಿನಲ್ಲಿತ್ತು. ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಸಂಪ್‌ನ ಡ್ರೈನ್ ಬೋಲ್ಟ್ ಬಿಚ್ಚಿದಾಗ ಬಂದ ಆಯಿಲ್ ನೀರಿನಷ್ಟು ಸಲೀಸಾಗಿ ಹರಿಯಿತು, ಪೆಟ್ರೋಲ್ ವಾಸನೆಯೂ ಇತ್ತು. ಚೋಕ್ ಎಳೆದು ಹತ್ತಿರದ ಓಡಾಟವನ್ನೇ ಮಾಡುವ ಕಾರ್ಬ್ಯುರೇಟರ್ ಕಾರುಗಳಲ್ಲಿ ಹೀಗಾಗುವುದು ಸಹಜ. ಸುಡದೆ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್ ಸೇರುತ್ತದೆ. ಬೋಲ್ಟಿನ ತುದಿಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಹಿಡಿದು ನೋಡಿದೆ. ಲೋಹದ ಮಿನುಗು ಕಾಣಲಿಲ್ಲ. ಬೇರಿಂಗ್‌ಗಳು ಸವೆದರೆ ಅವುಗಳ ಲೋಹ ಆಯಿಲ್‌ನಲ್ಲಿ ಕಾಣುತ್ತದೆ, ಹಾಗಾಗಿ ಅವುಗಳ ಬಗ್ಗೆ ಧೈರ್ಯ ಬಂತು.

ಇನ್ನು ಗ್ರೇಡ್, ಅಂದರೆ ಆಯಿಲ್ ಎಷ್ಟು ದಪ್ಪ ಎಂಬ ಅಳತೆ. ಈ ಎಂಜಿನ್‌ಗೆ ತಯಾರಕರು ಹೇಳಿದ್ದು 20ಡಬ್ಲ್ಯು-50, ನಾನು ಹಾಕುವುದೂ ಅದನ್ನೇ. ಮೊದಲ ಸಂಖ್ಯೆ ಚಳಿಯಲ್ಲಿ ಸ್ಟಾರ್ಟ್ ಮಾಡುವ ಹೊತ್ತಿನದು. 20ಡಬ್ಲ್ಯು ಆಯಿಲನ್ನು ಮೈನಸ್ 15 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ, 5ಡಬ್ಲ್ಯುವನ್ನು ಮೈನಸ್ 30ರಲ್ಲಿ. ಎರಡನೆಯದು ಕಾದ ಮೇಲಿನದು, ಅಂದರೆ 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ದಪ್ಪ ಉಳಿಯುತ್ತದೆ ಎಂಬುದು. ಇಂದಿನ ಕಾರುಗಳ ಎಂಜಿನ್‌ಗಳನ್ನು ತೆಳು ಆಯಿಲ್‌ಗೆ ತಕ್ಕಂತೆ ವಿನ್ಯಾಸ ಮಾಡಿರುತ್ತಾರೆ. ಬಿ-ಸರಣಿಯ ಎಂಜಿನ್ ಆ ಕಾಲದ ದಪ್ಪ ಆಯಿಲ್ ನೆಚ್ಚಿಕೊಂಡು ಕಟ್ಟಿದ್ದು. ಸೂಪರ್‌ಮಾರ್ಕೆಟ್‌ನಲ್ಲಿ ಸಿಗುವ 5ಡಬ್ಲ್ಯು-30 ಎಷ್ಟೇ ದುಬಾರಿಯಾಗಿರಲಿ, ಎಷ್ಟೇ ಒಳ್ಳೆಯದಾಗಿರಲಿ, ಇದಕ್ಕೆ ಹೊಂದುವುದಿಲ್ಲ. ಬರ್ಮಿಂಗ್‌ಹ್ಯಾಮ್‌ನ ಚಳಿ ಮೈನಸ್ 15ಕ್ಕೆ ಇಳಿಯುವುದು ತೀರ ಅಪರೂಪ, ಕಾರು ಗ್ಯಾರೇಜಿನಲ್ಲೇ ಇರುತ್ತದೆ. ಬೆಂಗಳೂರು, ಮೈಸೂರಿನಲ್ಲಿ ಇಂಥ ಕಾರು ಇಟ್ಟುಕೊಂಡವರಿಗಂತೂ ವರ್ಷವಿಡೀ 20ಡಬ್ಲ್ಯು-50 ಸಾಕು.

ಗ್ರೇಡ್ ಒಂದೇ ನೋಡಿದರೆ ಸಾಲದು. ನಾನು ಹೆಚ್ಚು ಸಮಯ ಕೊಟ್ಟದ್ದು ಡಬ್ಬದ ಹಿಂಬದಿಗೆ. ಈ ಎಂಜಿನ್‌ನಲ್ಲಿ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್, ಅದರ ತಳ್ಳುವಿಕೆಯನ್ನು ವಾಲ್ವ್ ಕಡೆಗೆ ಒಯ್ಯುವ ಚಪ್ಪಟೆ ತಳದ ಟ್ಯಾಪೆಟ್ ಮೇಲೆ ನೇರವಾಗಿ ಉಜ್ಜುತ್ತದೆ, ನಡುವೆ ರೋಲರ್ ಇಲ್ಲ. ವಾಲ್ವ್ ಸ್ಪ್ರಿಂಗಿನ ಭಾರವೆಲ್ಲ ಕೂದಲೆಳೆಯಷ್ಟು ಕಿರಿದಾದ ಗೆರೆಯ ಮೇಲೆ ಬೀಳುತ್ತದೆ. ಅಲ್ಲಿ ಲೋಹವನ್ನು ಕಾಪಾಡುವುದು ಆಯಿಲ್‌ಗೆ ಬೆರೆಸುವ ಜೆಡ್‌ಡಿಡಿಪಿ ಎಂಬ ಸಂಯುಕ್ತ. ಅದರಲ್ಲಿ ಸತು ಮತ್ತು ರಂಜಕ ಇರುತ್ತವೆ. ಒತ್ತಡ ಮತ್ತು ಬಿಸಿ ತಾಗಿದಲ್ಲಿ ಅದು ಗಾಜಿನಂಥ ತೆಳು ಪದರವಾಗಿ ಕೂರುತ್ತದೆ. ತೊಂದರೆಯೇನೆಂದರೆ, ರಂಜಕ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ. ಅದಕ್ಕೇ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ (ಎಪಿಐ) 2004ರ ಎಸ್‌ಎಂ ಮಾನದಂಡದಿಂದೀಚೆಗೆ 5ಡಬ್ಲ್ಯು-30ರಂಥ ತೆಳು ಗ್ರೇಡ್‌ಗಳಲ್ಲಿ ರಂಜಕಕ್ಕೆ ಶೇಕಡಾ 0.08ರ ಮಿತಿ ಬಂತು. 20ಡಬ್ಲ್ಯು-50ಕ್ಕೆ ಆ ಮಿತಿ ಇಲ್ಲ, ಆದರೆ ಮಿತಿ ಇಲ್ಲದ ಮಾತ್ರಕ್ಕೆ ಪ್ರತಿ ಡಬ್ಬದಲ್ಲೂ ಸತು ಸಾಕಷ್ಟಿದೆ ಎಂದು ನಂಬಿ ಕೂರಲಾಗದು. ನನ್ನ ಎಂಜಿಬಿಗೆ ಕನ್ವರ್ಟರ್ ಇಲ್ಲವೇ ಇಲ್ಲ, ಹಾಗಾಗಿ ರಂಜಕಕ್ಕೆ ಹೆದರುವ ಕಾರಣವೂ ಇಲ್ಲ. ತಯಾರಕರ ತಾಂತ್ರಿಕ ಹಾಳೆ ತೆಗೆದು, ಸತುವಿನ ಪ್ರಮಾಣ ಹತ್ತು ಲಕ್ಷಕ್ಕೆ 1000ದಿಂದ 1200 ಭಾಗದಷ್ಟಿದೆಯೇ ಎಂದು ನೋಡಿಯೇ ಕೊಳ್ಳುತ್ತೇನೆ. ಆ ಅಂಕಿ ಕೊಡದ ಡಬ್ಬವನ್ನು ಕೊಳ್ಳುವುದಿಲ್ಲ. ಬೇರೆಯಾಗಿ ಸತುವಿನ ಬಾಟಲಿ ತಂದು ಸುರಿಯುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆಯಿಲ್‌ನ ಘಟಕಗಳನ್ನು ಒಂದಕ್ಕೊಂದು ತೂಗಿ ಬೆರೆಸಿರುತ್ತಾರೆ, ಸತು ಅತಿಯಾದರೂ ಲೋಹಕ್ಕೆ ಒಳ್ಳೆಯದಲ್ಲ.

ಸಿಂಥೆಟಿಕ್ ಬೇಕೇ? ನಾನು ಖನಿಜ ಆಯಿಲ್ ಹಾಕುತ್ತೇನೆ. ಸಿಂಥೆಟಿಕ್‌ನ ದೊಡ್ಡ ಗುಣ ದೀರ್ಘ ಬಾಳಿಕೆ. ಓಡಿದ್ದು ಎಷ್ಟೇ ಕಡಿಮೆಯಿದ್ದರೂ ವರ್ಷಕ್ಕೊಮ್ಮೆ ಆಯಿಲ್ ಬದಲಿಸುವ ನನಗೆ ಅದರ ಉಪಯೋಗವಿಲ್ಲ. ಜೊತೆಗೆ, ಹಳೆಯ ಎಂಜಿನ್‌ನಲ್ಲಿ ಕೆಲವು ಸೀಲ್‌ಗಳ ಸೋರಿಕೆಯನ್ನು ತಡೆದಿರುವುದು ವರ್ಷಗಳ ಜಿಡ್ಡೇ. ಹೊಸ ಆಯಿಲ್ ಆ ಜಿಡ್ಡನ್ನು ತೊಳೆದರೆ ಗ್ಯಾರೇಜಿನ ನೆಲದ ಮೇಲೆ ಹನಿಗಳು ಬೀಳತೊಡಗುತ್ತವೆ.

ಆಯಿಲ್ ಜೊತೆಗೆ ಫಿಲ್ಟರನ್ನೂ ಬದಲಿಸುತ್ತೇನೆ. ನನ್ನ ಕಾರಿನಲ್ಲಿ ಅದು ತಲೆಕೆಳಗಾಗಿ ಕೂರುತ್ತದೆ. ಒಳಗೆ ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್ ಇಲ್ಲದ ಅಗ್ಗದ ಫಿಲ್ಟರ್ ಹಾಕಿದರೆ, ರಾತ್ರಿಯೆಲ್ಲ ಆಯಿಲ್ ಇಳಿದುಹೋಗಿ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಪ್ರೆಶರ್ ಬರುವುದು ತಡವಾಗುತ್ತದೆ. ಅಷ್ಟು ಹೊತ್ತು ಬೇರಿಂಗ್‌ಗಳು ಒಣಗಿ ತಿರುಗುತ್ತವೆ. ನಾಲ್ಕೂಕಾಲು ಲೀಟರ್ ಆಸುಪಾಸು ಆಯಿಲ್ ಹಿಡಿಯುತ್ತದೆ. ಐದು ಲೀಟರ್ ಡಬ್ಬದಲ್ಲಿ ಮಿಕ್ಕದ್ದು ವ್ಯರ್ಥವಲ್ಲ: ಎಸ್‌ಯು ಕಾರ್ಬ್ಯುರೇಟರ್‌ಗಳ ಡ್ಯಾಶ್‌ಪಾಟ್‌ಗಳಿಗೂ (ಒಳಗಿನ ಪಿಸ್ಟನ್ ಜಿಗಿಯದಂತೆ ತಡೆಯುವ ಭಾಗ) ಇದೇ ಆಯಿಲ್. ಗೇರ್‌ಬಾಕ್ಸ್ ಮತ್ತು ಓವರ್‌ಡ್ರೈವ್‌ಗೂ (ವೇಗದ ಓಟಕ್ಕಿರುವ ಹೆಚ್ಚುವರಿ ಗೇರ್) ತಯಾರಕರು ಹೇಳಿದ್ದು ಎಂಜಿನ್ ಆಯಿಲನ್ನೇ. ಗೇರ್‌ಬಾಕ್ಸ್ ಎಂದೊಡನೆ ಗೇರ್ ಆಯಿಲ್ ಸುರಿಯುವ ಮೆಕ್ಯಾನಿಕ್‌ಗಳಿಗೆ ಇದನ್ನು ಮುಂಚೆಯೇ ಹೇಳಿಡಬೇಕು. ಹಿಂದಿನ ಆಕ್ಸಲ್‌ಗೆ ಮಾತ್ರ ಬೇರೆ, ಗೇರ್ ಹಲ್ಲುಗಳ ಭಾರೀ ಒತ್ತಡ ತಡೆಯುವ ಹೈಪಾಯ್ಡ್ ಆಯಿಲ್.

ಹೊಸ 20ಡಬ್ಲ್ಯು-50 ತುಂಬಿ ಅದೇ ದಾರಿಯಲ್ಲಿ ಓಡಿಸಿದಾಗ ಕಾದ ಐಡಲ್‌ನಲ್ಲಿ ಮುಳ್ಳು 20ರ ಹತ್ತಿರ ನಿಂತಿತು, ಓಡುವಾಗ 60 ದಾಟಿತು. ಮಾವನಿಗೆ ಅದರ ಫೋಟೋ ಕಳಿಸಿದೆ. "ಟ್ಯಾಪೆಟ್ ಸದ್ದು ಕೇಳಿಸು" ಎಂದರು. ಬಾನೆಟ್ ಎತ್ತಿ ಫೋನ್ ಹಿಡಿದೆ. ಸ್ವಲ್ಪ ಹೊತ್ತು ಕೇಳಿ, "ಸರಿಯಾಗಿದೆ, ಇನ್ನು ಬದಲಿಸಬೇಡ" ಎಂದರು.

ಮುಂದೆ ಎಂದಾದರೂ ಈ ಆಯಿಲ್‌ನಲ್ಲೇ ಪ್ರೆಶರ್ ಇಳಿಯತೊಡಗಿದರೆ, ಇನ್ನೂ ದಪ್ಪ ಆಯಿಲ್ ಸುರಿದು ಮುಳ್ಳನ್ನು ಮೇಲಕ್ಕೇರಿಸುವ ಉಪಾಯ ನನಗೆ ಬೇಡ. ಸವೆದ ಬೇರಿಂಗ್ ಅದರಿಂದ ವಾಸಿಯಾಗುವುದಿಲ್ಲ, ಕಣ್ಣಿಗೆ ಕಾಣದಂತಾಗುತ್ತದೆ ಅಷ್ಟೇ. ಮೊದಲು ಬೇರೊಂದು ಮೀಟರ್ ಜೋಡಿಸಿ ಅಳತೆ ನಿಜವೇ ಎಂದು ನೋಡುತ್ತೇನೆ, ಪ್ರೆಶರ್ ಮಿತಿಮೀರದಂತೆ ತಡೆಯುವ ರಿಲೀಫ್ ವಾಲ್ವಿನ ಸ್ಪ್ರಿಂಗ್ ಪರೀಕ್ಷಿಸುತ್ತೇನೆ, ಆಮೇಲೆ ಸಂಪ್ ಇಳಿಸಿ ಬೇರಿಂಗ್ ಶೆಲ್‌ಗಳನ್ನು ಬಿಚ್ಚುತ್ತೇನೆ.